ಒಪ್ಪಂದ ಮುಗಿಯುವ ಮೊದಲೇ ಆಟಗಾರನನ್ನು ಮಾರಬೇಕೇ? ಫುಟ್‌ಬಾಲ್ ಕ್ಲಬ್ ನಿರ್ಧರಿಸಬೇಕಾದ ಬಗೆ

ಆಟಗಾರನೊಬ್ಬನ ಒಪ್ಪಂದ ಯಾವ ದಿನ ಮುಗಿಯುತ್ತದೆ ಎಂಬುದು ಅದಕ್ಕೆ ಸಹಿ ಬಿದ್ದ ದಿನವೇ ಎಲ್ಲರಿಗೂ ತಿಳಿದಿರುತ್ತದೆ. ಆದರೂ ಪ್ರತಿ ಋತುವಿನಲ್ಲಿ ಹೆಸರಾಂತ ಕ್ಲಬ್‌ಗಳು ಕೂಡ ಆ ದಿನಾಂಕ ಹತ್ತಿರವಾದಾಗ ಏನು ಮಾಡಬೇಕೆಂದು ತೋಚದೆ ನಿಲ್ಲುತ್ತವೆ. ಮಾರುವುದೂ ಇಲ್ಲ, ನವೀಕರಿಸುವುದೂ ಇಲ್ಲ, ಕೊನೆಗೆ ಕ್ಲಬ್ಬಿಗೆ ಯಾವ ವರ್ಗಾವಣೆ ಶುಲ್ಕವೂ ಬಾರದೆ ಆಟಗಾರ ಹೊರಟುಹೋದಾಗ ಅಭಿಮಾನಿಗಳು ಒಬ್ಬರನ್ನೊಬ್ಬರು ದೂರುತ್ತಾರೆ. ಈ ತೀರ್ಮಾನವನ್ನು ಹೇಗೆ ತೆಗೆದುಕೊಳ್ಳಬೇಕು, ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು, ಯಾವ ಹಂತದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಕ್ಲಬ್ ನಡೆಸುವವರಿಗೆ ಇದು ಎಷ್ಟು ಉಪಯುಕ್ತವೋ, ತಮ್ಮ ಕ್ಲಬ್ ಮಾಡಿದ್ದು ಸರಿಯೇ ಎಂದು ತೂಗಿನೋಡಲು ಬಯಸುವ ಅಭಿಮಾನಿಗಳಿಗೂ ಅಷ್ಟೇ ಉಪಯುಕ್ತವಾಗಲಿ ಎಂಬುದು ನನ್ನ ಆಸೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಾರಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಒಪ್ಪಂದದ ಕೊನೆಯ ವರ್ಷದಲ್ಲಿ ಮೊದಲ ಬಾರಿಗೆ ಕೇಳಿಕೊಳ್ಳುವ ಕ್ಲಬ್ ತನ್ನ ಚೌಕಾಶಿಯ ಬಲವನ್ನು ಅಷ್ಟರಲ್ಲಾಗಲೇ ಬಹುಪಾಲು ಕಳೆದುಕೊಂಡಿರುತ್ತದೆ. ಹಾಗೆಂದು, ಕೊನೆಯ ವರ್ಷ ಬಂದಿದೆ ಎಂಬ ಒಂದೇ ಕಾರಣಕ್ಕೆ ಸಿಕ್ಕ ಬೆಲೆಗೆ ಮಾರಿಬಿಡುವುದು ಜಾಣತನವೂ ಅಲ್ಲ. ಈ ಎರಡು ಮಾತುಗಳ ನಡುವೆ ಇರುವ ಜಾಗದಲ್ಲಿ ಲೆಕ್ಕ ಹಾಕಬೇಕಾದದ್ದು ಬಹಳಷ್ಟಿದೆ.

ಮೊದಲು ತಿಳಿದಿರಬೇಕಾದ ನಿಯಮಗಳು

ಒಪ್ಪಂದ ಮುಗಿದ ಆಟಗಾರ ಶುಲ್ಕವಿಲ್ಲದೆ ಹೊರಡಬಹುದು ಎಂಬುದು ಇಂದು ಸಹಜವೆನಿಸುತ್ತದೆ. ಆದರೆ ಯುರೋಪಿನಲ್ಲಿ ಈ ಸ್ಥಿತಿ ಬಂದದ್ದು 1995ರ ಡಿಸೆಂಬರ್ 15ರಂದು. ಬೆಲ್ಜಿಯಂನ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಅವರ ಒಪ್ಪಂದ 1990ರಲ್ಲಿ ಮುಗಿದಿದ್ದರೂ ಅವರ ಕ್ಲಬ್ಬಾದ ಲಿಯೇಜ್ ಶುಲ್ಕವಿಲ್ಲದೆ ಬಿಟ್ಟುಕೊಡಲು ಒಪ್ಪದ ಕಾರಣ, ಫ್ರಾನ್ಸಿನ ಡಂಕರ್ಕ್ ಕ್ಲಬ್ಬಿಗೆ ಹೋಗುವ ಅವರ ಯತ್ನ ಮುರಿದುಬಿತ್ತು. ಯುರೋಪಿಯನ್ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ, ಕ್ಲಬ್ ಮಾರುವುದು ಆಟಗಾರನನ್ನಲ್ಲ, ಅವನ ಒಪ್ಪಂದದಲ್ಲಿ ಉಳಿದಿರುವ ಅವಧಿಯನ್ನು ಮಾತ್ರ ಎಂಬಂತಾಯಿತು. ಈ ಒಂದು ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಲೆಕ್ಕಗಳೂ ಸುಲಭವಾಗುತ್ತವೆ.

ಫಿಫಾದ ವರ್ಗಾವಣೆ ನಿಯಮಾವಳಿಯ 18ನೇ ವಿಧಿಯ ಪ್ರಕಾರ, ಒಪ್ಪಂದ ಮುಗಿಯಲು ಆರು ತಿಂಗಳು ಉಳಿದಿರುವಾಗ ಆಟಗಾರ ಬೇರೆ ಕ್ಲಬ್ಬಿನ ಜೊತೆ ಮುಂದಿನ ಋತುವಿಗೆ ಒಪ್ಪಂದ ಮಾಡಿಕೊಳ್ಳಬಹುದು. ಮಾತುಕತೆ ಆರಂಭಿಸುವ ಕ್ಲಬ್ ಮಾತ್ರ ಈಗಿನ ಕ್ಲಬ್ಬಿಗೆ ಲಿಖಿತವಾಗಿ ತಿಳಿಸಿರಬೇಕು. ಜೂನ್ 30ಕ್ಕೆ ಒಪ್ಪಂದ ಮುಗಿಯುವ ಲೀಗ್‌ಗಳಲ್ಲಿ ಈ ಗಡಿ ಜನವರಿ 1ಕ್ಕೆ ಬೀಳುತ್ತದೆ. ಇಂಗ್ಲೆಂಡಿನ ಕ್ಲಬ್ಬಿನ ಆಟಗಾರ ಆ ಹೊತ್ತಿಗೆ ವಿದೇಶಿ ಕ್ಲಬ್‌ಗಳ ಜೊತೆ ಒಪ್ಪಂದ ಮಾಡಿಕೊಳ್ಳಬಹುದೇ ಹೊರತು ದೇಶದೊಳಗಿನ ಇನ್ನೊಂದು ಕ್ಲಬ್ಬಿನ ಜೊತೆ ಅಲ್ಲ. ಜರ್ಮನಿಯಲ್ಲಿ ಅಂಥ ತಡೆ ಇಲ್ಲ. ಹೀಗಾಗಿ ಒಪ್ಪಂದದ ಕೊನೆಯ ವರ್ಷ ಎಂದು ನಾವು ಕರೆಯುವುದು ವಾಸ್ತವದಲ್ಲಿ ಒಂದು ಬೇಸಿಗೆ ವಿಂಡೋ (ಆಟಗಾರರನ್ನು ಕೊಳ್ಳಲು, ಮಾರಲು ಅವಕಾಶವಿರುವ ಅವಧಿ) ಮತ್ತು ಅದರ ನಂತರದ ನಾಲ್ಕು ತಿಂಗಳು ಮಾತ್ರ. ಜನವರಿ ಬಂತೆಂದರೆ ಕೊಳ್ಳುವವರ ಪೈಕಿ ಅನೇಕರು ಕಾಯುವುದೇ ಅಗ್ಗವೆಂದು ಸುಮ್ಮನಾಗುತ್ತಾರೆ.

ಲೆಕ್ಕಪತ್ರದ ನಿಯಮವೊಂದನ್ನೂ ತಿಳಿದಿರಬೇಕು. ಆಟಗಾರನನ್ನು ಕೊಳ್ಳಲು ಕೊಟ್ಟ ವರ್ಗಾವಣೆ ಶುಲ್ಕವನ್ನು ಕ್ಲಬ್‌ಗಳು ಒಪ್ಪಂದದ ವರ್ಷಗಳಿಗೆ ಸಮವಾಗಿ ಹಂಚಿ ವೆಚ್ಚವೆಂದು ಬರೆಯುತ್ತವೆ. ನಾಲ್ಕು ಕೋಟಿ ಯೂರೋ ಕೊಟ್ಟು ಐದು ವರ್ಷಕ್ಕೆ ಕರೆತಂದ ಆಟಗಾರನ ಬೆಲೆ ಲೆಕ್ಕಪುಸ್ತಕದಲ್ಲಿ ನಾಲ್ಕು ವರ್ಷಗಳ ನಂತರ 80 ಲಕ್ಷ ಉಳಿದಿರುತ್ತದೆ. ಆಗ ಎರಡೂವರೆ ಕೋಟಿಗೆ ಮಾರಿದರೆ, ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೂ, ಲೆಕ್ಕದಲ್ಲಿ 1 ಕೋಟಿ 70 ಲಕ್ಷ ಲಾಭವೆಂದೇ ದಾಖಲಾಗುತ್ತದೆ. ಕ್ಲಬ್ಬಿನಲ್ಲಿಯೇ ಬೆಳೆದ ಆಟಗಾರನಾದರೆ ಬಂದ ಹಣವೆಲ್ಲವೂ ಲಾಭವೇ. 2025-26ರ ಋತುವಿನಿಂದ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಸ್ಪರ್ಧೆಗಳಲ್ಲಿ ಆಡುವ ಕ್ಲಬ್‌ಗಳ ವೇತನ, ಶುಲ್ಕದ ವಾರ್ಷಿಕ ಪಾಲು ಮತ್ತು ಏಜೆಂಟ್ ವೆಚ್ಚ ಸೇರಿ ಆದಾಯದ ಶೇ 70ನ್ನು ಮೀರುವಂತಿಲ್ಲವಾದ್ದರಿಂದ, ಇಂಥ ಲಾಭಕ್ಕೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ. ಆದರೆ ಒಂದು ಎಚ್ಚರಿಕೆ: ಹಿಂದೆ ಎಷ್ಟು ಕೊಟ್ಟಿದ್ದೆವು ಎಂಬುದು ಈಗ ಮಾರಬೇಕೇ ಎಂಬ ತೀರ್ಮಾನದೊಳಗೆ ನುಸುಳಬಾರದು. ಆ ಹಣ ಹೋಗಿಯಾಗಿದೆ. ಮಾರಿದರೂ ಮಾರದಿದ್ದರೂ ಅದು ಮರಳುವುದಿಲ್ಲ.

ಎರಡು ವರ್ಷ ಉಳಿದಿರುವಾಗ

ನಿಜವಾದ ತೀರ್ಮಾನದ ಕಾಲ ಇದು. ಒಪ್ಪಂದದಲ್ಲಿ ಎರಡು ವರ್ಷ ಉಳಿದಿರುವ ಬೇಸಿಗೆಯಲ್ಲಿ ಕ್ಲಬ್ ಆಟಗಾರನ ಮುಂದೆ ನವೀಕರಣದ ಸ್ಪಷ್ಟವಾದ, ಲಿಖಿತವಾದ, ಗಡುವುಳ್ಳ ಪ್ರಸ್ತಾಪವನ್ನು ಇಡಬೇಕು. ಆಟಗಾರ ಒಪ್ಪಿದರೆ ಸಮಸ್ಯೆ ಮುಗಿಯಿತು. ಒಪ್ಪದಿದ್ದರೆ, ಇನ್ನೂ ಎರಡು ಪೂರ್ಣ ಋತುಗಳ ಅವಧಿಯನ್ನು ಮಾರುವ ಅವಕಾಶ ಕ್ಲಬ್ಬಿನ ಕೈಯಲ್ಲಿರುತ್ತದೆ. ಕೊಳ್ಳುವವನಿಗೆ ‘ಮುಂದಿನ ವರ್ಷ ಪುಕ್ಕಟೆ ಸಿಗುತ್ತಾನೆ’ ಎಂದು ಹೇಳುವ ಅವಕಾಶ ಇರುವುದಿಲ್ಲ.

ಇಲ್ಲಿ ಕ್ಲಬ್‌ಗಳು ಸಾಮಾನ್ಯವಾಗಿ ಎಡವುವುದು ಆಟಗಾರನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದರಿಂದ. ‘ಋತು ಮುಗಿಯಲಿ, ಆಮೇಲೆ ಮಾತಾಡೋಣ’ ಎಂದು ಏಜೆಂಟ್ ಹೇಳಿದರೆ, ಅದನ್ನು ಸೌಜನ್ಯದ ಮಾತೆಂದು ಸ್ವೀಕರಿಸದೆ ಒಂದು ನಿಲುವೆಂದು ಸ್ವೀಕರಿಸುವುದೇ ಕ್ಷೇಮ, ಏಕೆಂದರೆ ತಡವಾದ ಪ್ರತಿಯೊಂದು ತಿಂಗಳೂ ಕ್ಲಬ್ಬಿನ ಕೈಯಿಂದ ಆಟಗಾರನ ಕೈಗೆ ಹಣವನ್ನು ದಾಟಿಸುತ್ತದೆ. ಒಪ್ಪಂದ ಮುಗಿದು ಹೋಗುವ ಆಟಗಾರನಿಗೆ ಹೊಸ ಕ್ಲಬ್ ಶುಲ್ಕದ ರೂಪದಲ್ಲಿ ಕೊಡಬೇಕಿದ್ದುದರ ಒಂದು ಭಾಗವನ್ನು ಸಹಿಯ ಹಣವಾಗಿಯೂ ಹೆಚ್ಚಿನ ವೇತನವಾಗಿಯೂ ಕೊಡುತ್ತದೆ. ಇದರಲ್ಲಿ ಆಟಗಾರನ ತಪ್ಪೇನೂ ಇಲ್ಲ. ಅವನ ವೃತ್ತಿ ಚಿಕ್ಕದು, ಒಂದು ಗಾಯಕ್ಕೆ ಮುಗಿಯಬಹುದಾದದ್ದು. ತನ್ನ ಒಪ್ಪಂದವನ್ನು ಕೊನೆಯವರೆಗೆ ಗೌರವಿಸಿದವನನ್ನು ದ್ರೋಹಿ ಎಂದು ಕರೆಯುವ ಅಭ್ಯಾಸ ನನಗೆ ನೋವು ತರುತ್ತದೆ.

ಹೊಸ ಒಪ್ಪಂದ ಬರೆಯುವಾಗಲೇ ಮುಂದಿನ ಸಲದ ಬಗ್ಗೆಯೂ ಯೋಚಿಸಿರಬೇಕು. ಕ್ಲಬ್ ತನ್ನಿಚ್ಛೆಯಂತೆ ಒಂದು ವರ್ಷ ವಿಸ್ತರಿಸಬಹುದಾದ ಷರತ್ತು ಇಂಥ ಸಂದರ್ಭದಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಟಾಟನ್‌ಹ್ಯಾಮ್ 2025ರ ಜನವರಿಯಲ್ಲಿ ಸನ್ ಹ್ಯುಂಗ್-ಮಿನ್ ಅವರ ಒಪ್ಪಂದವನ್ನು ಅಂಥದೇ ಷರತ್ತಿನಿಂದ 2026ರವರೆಗೆ ಮುಂದುವರಿಸಿತು. ಆ ಮೇ ತಿಂಗಳಲ್ಲಿ ಅವರ ನಾಯಕತ್ವದಲ್ಲಿ ತಂಡ ಯುರೋಪಾ ಲೀಗ್ ಗೆದ್ದಿತು, ಆಗಸ್ಟ್‌ನಲ್ಲಿ ಅವರು ಲಾಸ್ ಏಂಜಲೀಸ್ ಎಫ್‌ಸಿಗೆ ಶುಲ್ಕ ತಂದುಕೊಟ್ಟೇ ಹೋದರು. ಆ ಷರತ್ತು ಇಲ್ಲದಿದ್ದರೆ ಜೂನ್ 30ಕ್ಕೆ ಅವರು ಮುಕ್ತರಾಗಿರುತ್ತಿದ್ದರು.

ಒಂದೇ ವರ್ಷ ಉಳಿದಾಗ ಲೆಕ್ಕ ಹಾಕುವ ಕ್ರಮ

‘ಈಗ ಮಾರಿದರೆ ಮೂರು ಕೋಟಿ, ಇಟ್ಟುಕೊಂಡರೆ ಸೊನ್ನೆ’ ಎಂದು ಹೇಳುವವರು ತಪ್ಪು ಹೋಲಿಕೆ ಮಾಡುತ್ತಿದ್ದಾರೆ. ಇಟ್ಟುಕೊಂಡರೆ ಸಿಗುವುದು ಸೊನ್ನೆಯಲ್ಲ. ಒಂದು ವರ್ಷದ ಆಟ ಸಿಗುತ್ತದೆ, ಅವನು ಮನಸ್ಸು ಬದಲಿಸಿ ನವೀಕರಿಸುವ ಸಾಧ್ಯತೆಯೂ ಸಿಗುತ್ತದೆ. ಮಾರಿದರೆ ಸಿಗುವುದು ಪೂರ್ತಿ ಮೂರು ಕೋಟಿಯೂ ಅಲ್ಲ. ಎರಡು ಬದಿಗಳನ್ನೂ ಬಿಡಿಸಿ ಬರೆಯಬೇಕು. ಕಾಲ್ಪನಿಕ ಅಂಕಿಗಳಿಂದ ಒಂದು ಉದಾಹರಣೆ ಕೊಡುತ್ತೇನೆ.

ಮಾರುವ ಬದಿಯನ್ನು ಮೊದಲು ನೋಡೋಣ. ವಿದೇಶಿ ಕ್ಲಬ್ಬೊಂದು 3 ಕೋಟಿ ಯೂರೋ ಕೊಡಲು ಸಿದ್ಧವಿದೆ ಎಂದುಕೊಳ್ಳಿ. ಅಂತರರಾಷ್ಟ್ರೀಯ ವರ್ಗಾವಣೆಯಲ್ಲಿ ಶುಲ್ಕದ ಶೇ 5ರಷ್ಟು, ಆಟಗಾರನನ್ನು 12ರಿಂದ 23ರ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್‌ಗಳಿಗೆ ಸೇರುತ್ತದೆ. ಅಲ್ಲಿಗೆ 15 ಲಕ್ಷ ಹೋಯಿತು. ಅವನನ್ನು ನಮಗೆ ಮಾರಿದ್ದ ಕ್ಲಬ್ ಮುಂದಿನ ಮಾರಾಟದಲ್ಲಿ ಶೇ 10ರ ಪಾಲು ಉಳಿಸಿಕೊಂಡಿದ್ದರೆ ಇನ್ನೊಂದು 30 ಲಕ್ಷ. ಕೈಗೆ ಬಂದದ್ದು 2 ಕೋಟಿ 55 ಲಕ್ಷ. ಅವನ ಒಂದು ವರ್ಷದ ವೇತನ 60 ಲಕ್ಷ ಉಳಿಯುತ್ತದೆ. ಒಟ್ಟು 3 ಕೋಟಿ 15 ಲಕ್ಷ. ಇನ್ನು ಬದಲಿ ಆಟಗಾರನ ಖರ್ಚು. 2 ಕೋಟಿಗೆ ನಾಲ್ಕು ವರ್ಷದ ಒಪ್ಪಂದದ ಮೇಲೆ, ವರ್ಷಕ್ಕೆ 50 ಲಕ್ಷ ವೇತನಕ್ಕೆ ಒಬ್ಬನನ್ನು ತಂದರೆ ಮೊದಲ ವರ್ಷದ ಹೊರೆ 1 ಕೋಟಿ. ಇಲ್ಲಿ ಪೂರ್ತಿ 2 ಕೋಟಿಯನ್ನು ಮಾರಾಟದ ವೆಚ್ಚವೆಂದು ಕಳೆಯುವುದು ಸರಿಯಲ್ಲ, ಏಕೆಂದರೆ ಹಳೆಯ ಆಟಗಾರ ಮುಂದಿನ ವರ್ಷ ಹೇಗೂ ಹೋಗುವವನೇ ಆಗಿದ್ದರೆ ಬದಲಿಯನ್ನು ಆಗಲೂ ತರಲೇಬೇಕಿತ್ತು. ಈಗ ಮಾರುವುದರಿಂದ ಆ ಖರೀದಿ ಒಂದು ವರ್ಷ ಮುಂಚೆ ಆಗುತ್ತದೆ ಅಷ್ಟೆ. ಹೀಗೆ ಮಾರುವ ಬದಿಯ ತೂಕ 2 ಕೋಟಿ 15 ಲಕ್ಷ.

ಇಟ್ಟುಕೊಳ್ಳುವ ಬದಿಯಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ಈ ಆಟಗಾರ ಬದಲಿಗಿಂತ ಎಷ್ಟು ಹೆಚ್ಚು ಕೊಡುತ್ತಾನೆ ಎಂಬುದು. ಅವನಿದ್ದರೆ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆಯುವ ಸಾಧ್ಯತೆ ಶೇ 55, ಬದಲಿ ಆಟಗಾರನಿದ್ದರೆ ಶೇ 40, ಆ ಅರ್ಹತೆಯಿಂದ ಬರುವ ಹೆಚ್ಚುವರಿ ಆದಾಯ 6 ಕೋಟಿ ಎಂದು ಅಂದಾಜಿಸಿದರೆ, ವ್ಯತ್ಯಾಸದ ಬೆಲೆ 90 ಲಕ್ಷ. ಎರಡನೆಯದು ನವೀಕರಣದ ಸಾಧ್ಯತೆ. ಅವನು ಹೊಸ ಒಪ್ಪಂದಕ್ಕೆ ಸಹಿ ಹಾಕಿದರೆ, ಸಹಿಯ ಹಣ ಮತ್ತು ಹೆಚ್ಚುವ ವೇತನವನ್ನು ಕಳೆದು ಕ್ಲಬ್ಬಿಗೆ ಉಳಿಯುವ ಬೆಲೆ 3 ಕೋಟಿ ಎಂದುಕೊಳ್ಳೋಣ. ಸಹಿ ಹಾಕುವ ಸಾಧ್ಯತೆ ಶೇ 30 ಇದ್ದರೆ ಅದರ ತೂಕ 90 ಲಕ್ಷ. ಇಟ್ಟುಕೊಳ್ಳುವ ಬದಿಯ ಮೊತ್ತ 1 ಕೋಟಿ 80 ಲಕ್ಷ, ಅಂದರೆ ಮಾರುವುದೇ ಸರಿ. ಸಾಧ್ಯತೆ ಶೇ 50 ಇದ್ದರೆ ಮೊತ್ತ 2 ಕೋಟಿ 40 ಲಕ್ಷಕ್ಕೆ ಏರುತ್ತದೆ, ಇಟ್ಟುಕೊಳ್ಳುವುದೇ ಸರಿ. ತಕ್ಕಡಿ ವಾಲುವ ಬಿಂದು ಸುಮಾರು ಶೇ 42.

ಈ ಅಂಕಿಗಳು ಕಾಲ್ಪನಿಕವಾದರೂ ಲೆಕ್ಕದ ಆಕಾರ ಒಂದು ಸತ್ಯವನ್ನು ತೋರಿಸುತ್ತದೆ: ಬಂದ ಬೆಲೆಯ ಮೇಲೆ ನಡೆಯುವಷ್ಟು ಚರ್ಚೆ ಆಟಗಾರ ನವೀಕರಿಸುತ್ತಾನೆಯೇ ಎಂಬುದರ ಮೇಲೆ ನಡೆಯುವುದಿಲ್ಲ, ಆದರೆ ತೀರ್ಮಾನವನ್ನು ತಿರುಗಿಸುವ ಶಕ್ತಿ ಇರುವುದು ಅದಕ್ಕೇ. ಆದ್ದರಿಂದ ಕ್ಲಬ್ ತನ್ನ ಶ್ರಮವನ್ನು ಆ ಒಂದು ಅಂದಾಜನ್ನು ನಿಖರಗೊಳಿಸುವುದಕ್ಕೆ ಸುರಿಯಬೇಕು. ಆಟಗಾರ ಕೇಳುತ್ತಿರುವುದು ಹಣವನ್ನೋ, ವರ್ಷಗಳನ್ನೋ, ಅಥವಾ ಬೇರೆ ಕ್ಲಬ್ಬನ್ನೋ? ಮೊದಲೆರಡಕ್ಕೆ ಮಾತುಕತೆಯಲ್ಲಿ ಉತ್ತರವಿದೆ. ಮೂರನೆಯದಕ್ಕೆ ಇಲ್ಲ.

ಸಲಾ ಮತ್ತು ವ್ಯಾನ್ ಡೈಕ್ ಅವರ ವಿಷಯದಲ್ಲಿ ಲಿವರ್‌ಪೂಲ್ ಕಂಡದ್ದು ಮಾತುಕತೆಯಲ್ಲಿ ಉತ್ತರ ಸಿಗುವ ಬಗೆಯ ಸಂದರ್ಭ. ಇಬ್ಬರೂ 2024-25ರ ಋತುವನ್ನು ಒಪ್ಪಂದದ ಕೊನೆಯ ವರ್ಷದಲ್ಲಿ ಆಡಿದರು. ಸಲಾ ಲೀಗ್‌ನಲ್ಲಿ 29 ಗೋಲು ಹೊಡೆದು 18 ಗೋಲುಗಳಿಗೆ ನೆರವಾದರು. 2025ರ ಏಪ್ರಿಲ್‌ನಲ್ಲಿ ಇಬ್ಬರೂ ಎರಡು ವರ್ಷಕ್ಕೆ ನವೀಕರಿಸಿದರು, ತಂಡ ಲೀಗ್ ಗೆದ್ದಿತು. ಅದೇ ಋತುವಿನಲ್ಲಿ, ಅದೇ ತಂಡದಲ್ಲಿ, ಕೊನೆಯ ವರ್ಷದಲ್ಲಿದ್ದ ಅಲೆಕ್ಸಾಂಡರ್-ಆರ್ನಾಲ್ಡ್ ಮಾತ್ರ ರಿಯಲ್ ಮ್ಯಾಡ್ರಿಡ್‌ಗೆ ಹೊರಟರು. ಮೂವತ್ತು ದಾಟಿದ ಇಬ್ಬರ ಪ್ರಶ್ನೆ ವರ್ಷಗಳದು, ಇಪ್ಪತ್ತಾರರ ಹರೆಯದವನ ಪ್ರಶ್ನೆ ಕ್ಲಬ್ಬಿನದು ಎಂದು ನಾನು ಓದುತ್ತೇನೆ.

ವಯಸ್ಸು, ಸ್ಥಾನ, ಕೊಳ್ಳುವವರು

ಮೇಲಿನ ಲೆಕ್ಕಕ್ಕೆ ಬಣ್ಣ ತುಂಬುವುದು ಆಟಗಾರನ ವಯಸ್ಸು. ಮೂವತ್ತರ ಆಸುಪಾಸಿನ ಆಟಗಾರನಿಗೆ ದೊಡ್ಡ ಬೆಲೆ ಬಂದರೆ ಮಾರುವುದರ ಪರವಾಗಿ ನಾನು ಬಲವಾಗಿ ವಾಲುತ್ತೇನೆ, ಏಕೆಂದರೆ ಅವನ ವಿಷಯದಲ್ಲಿ ನವೀಕರಣ ಸಿಕ್ಕರೂ ಮರುಮಾರಾಟದ ಬೆಲೆ ಉಳಿಯುವುದಿಲ್ಲ. ಚೆಲ್ಸಿ 2019ರಲ್ಲಿ ಒಂದು ವರ್ಷ ಮಾತ್ರ ಉಳಿದಿದ್ದ ಈಡನ್ ಹಝಾರ್ಡ್ ಅವರನ್ನು, ತನಗೆ ಹೊಸ ಆಟಗಾರರನ್ನು ನೋಂದಾಯಿಸಲು ನಿಷೇಧವಿದ್ದ ಬೇಸಿಗೆಯಲ್ಲಿಯೇ, ಸುಮಾರು 10 ಕೋಟಿ ಯೂರೋ ಎಂದು ವರದಿಯಾದ ಮೂಲ ಬೆಲೆಗೆ ರಿಯಲ್ ಮ್ಯಾಡ್ರಿಡ್‌ಗೆ ಮಾರಿತು. ಗಾಯಗಳ ನಡುವೆ ಅವರು ಅಲ್ಲಿ ನಾಲ್ಕು ಋತುಗಳಲ್ಲಿ ಆಡಿದ್ದು 76 ಪಂದ್ಯ. ಚೆಲ್ಸಿ ಮುಂದಿನ ಋತುವಿನಲ್ಲಿ ತನ್ನ ಯುವಕರನ್ನು ಆಡಿಸಿಯೂ ನಾಲ್ಕನೇ ಸ್ಥಾನ ಪಡೆಯಿತು.

ಹ್ಯಾರಿ ಕೇನ್ ಅವರ ಉದಾಹರಣೆ ಇನ್ನೂ ಆಸಕ್ತಿಕರ. 2023ರ ಆಗಸ್ಟ್‌ನಲ್ಲಿ, ಮೂವತ್ತು ತುಂಬಿದ ಕೆಲವೇ ದಿನಗಳಲ್ಲಿ, ಒಂದು ವರ್ಷದ ಒಪ್ಪಂದ ಉಳಿದಿರುವಾಗ ಟಾಟನ್‌ಹ್ಯಾಮ್ ಅವರನ್ನು ಬಾಯರ್ನ್‌ಗೆ ಮಾರಿತು. ಕೇನ್ ಕುಸಿಯಲಿಲ್ಲ, ಮೊದಲ ಋತುವಿನಲ್ಲಿಯೇ ಬುಂಡೆಸ್‌ಲಿಗಾದಲ್ಲಿ 36 ಗೋಲು ಹೊಡೆದರು. ಆದರೂ ಕೇನ್ 30 ಗೋಲು ಹೊಡೆದಿದ್ದ ಋತುವಿನಲ್ಲಿ 60 ಅಂಕದೊಂದಿಗೆ ಎಂಟನೇ ಸ್ಥಾನದಲ್ಲಿದ್ದ ಟಾಟನ್‌ಹ್ಯಾಮ್, ಅವರಿಲ್ಲದ ಋತುವಿನಲ್ಲಿ 66 ಅಂಕ ಗಳಿಸಿ ಐದನೆಯದಾಯಿತು. ಮಾರಿದ ಆಟಗಾರ ಬೇರೆಡೆ ಮಿಂಚಿದನೆಂಬುದು ಮಾರಾಟ ತಪ್ಪೆಂಬುದಕ್ಕೆ ಸಾಕ್ಷಿಯಲ್ಲ. ತಂಡ ಅವನಿಲ್ಲದೆ ಏನಾಯಿತು ಎಂಬುದೇ ಕೇಳಬೇಕಾದ ಪ್ರಶ್ನೆ.

ಕಿರಿಯ ಆಟಗಾರನ ವಿಷಯದಲ್ಲಿ ಈ ವಾಲಿಕೆ ತಿರುಗುತ್ತದೆ. ಬಾಯರ್ನ್ 2014ರಲ್ಲಿ ವೇತನದ ವಿಷಯದಲ್ಲಿ ಒಮ್ಮತಕ್ಕೆ ಬಾರದೆ, ವಿಶ್ವಕಪ್ ಗೆದ್ದು ಬಂದ 24 ವರ್ಷದ ಟೋನಿ ಕ್ರೂಸ್ ಅವರನ್ನು ಒಂದು ವರ್ಷ ಉಳಿದಿರುವಾಗ ಸುಮಾರು ಎರಡೂವರೆ ಕೋಟಿ ಯೂರೋಗೆ ಮಾರಿತು ಎಂದು ವರದಿಯಾಯಿತು. ಅವರು ರಿಯಲ್ ಮ್ಯಾಡ್ರಿಡ್‌ನಲ್ಲಿ ಐದು ಚಾಂಪಿಯನ್ಸ್ ಲೀಗ್ ಗೆದ್ದರು. ಆ ವಯಸ್ಸಿನ, ಆ ದರ್ಜೆಯ ಮಿಡ್‌ಫೀಲ್ಡರ್‌ಗೆ ವೇತನದ ಪಟ್ಟಿಯನ್ನು ಸಡಿಲಿಸುವುದೇ ಅಗ್ಗವಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಯಾರಿಗೆ ಮಾರುತ್ತೇವೆ ಎಂಬುದೂ ಬೆಲೆಯ ಭಾಗವೇ. ಆರ್ಸೆನಲ್ 2012ರಲ್ಲಿ, ಹಿಂದಿನ ಋತುವಿನಲ್ಲಿ 30 ಲೀಗ್ ಗೋಲು ಹೊಡೆದಿದ್ದ ರಾಬಿನ್ ವ್ಯಾನ್ ಪರ್ಸಿಯನ್ನು ಒಂದು ವರ್ಷ ಉಳಿದಿರುವಾಗ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿತು. ಅವರು 26 ಗೋಲು ಹೊಡೆದು ಯುನೈಟೆಡ್‌ಗೆ ಲೀಗ್ ಗೆದ್ದುಕೊಟ್ಟರು. ನೇರ ಪ್ರತಿಸ್ಪರ್ಧಿಗೆ ಮಾರುವಾಗ ಆಟಗಾರ ಹೋದದ್ದು ಒಂದು ನಷ್ಟವಾದರೆ, ಎದುರಾಳಿ ಬಲಗೊಂಡದ್ದು ಇನ್ನೊಂದು; ಇದಕ್ಕೆ ಹೆಚ್ಚುವರಿ ಬೆಲೆ ಕೇಳದೆ ಒಪ್ಪಬಾರದು, ಅದು ಸಿಗದಿದ್ದರೆ ವಿದೇಶದ ಸ್ವಲ್ಪ ಕಡಿಮೆ ಪ್ರಸ್ತಾಪವೇ ಲೇಸು.

ಮಾರಾಟಕ್ಕೆ ಮೂವರ ಒಪ್ಪಿಗೆ ಬೇಕು ಎಂಬುದನ್ನು ಮರೆಯಬಾರದು. 2023ರಲ್ಲಿ ಎಂಬಾಪೆ ಒಪ್ಪಂದ ವಿಸ್ತರಿಸುವುದಿಲ್ಲ ಎಂದು ತಿಳಿಸಿದಾಗ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ ಅವರನ್ನು ಏಷ್ಯಾ ಪ್ರವಾಸದಿಂದ ಕೈಬಿಟ್ಟಿತು. ಸೌದಿ ಅರೇಬಿಯಾದ ಅಲ್-ಹಿಲಾಲ್ ಕ್ಲಬ್ 30 ಕೋಟಿ ಯೂರೋ ಕೊಡಲು ಮುಂದೆ ಬಂತೆಂಬ ಸುದ್ದಿ ಹಬ್ಬಿತು. ಆಟಗಾರ ಹೋಗಲು ಒಪ್ಪಲಿಲ್ಲ, ಅಲ್ಲಿಗೆ ಮುಗಿಯಿತು. ಅವರು ಒಂದು ವರ್ಷ ಆಡಿ, ಎಲ್ಲ ಸ್ಪರ್ಧೆಗಳಲ್ಲಿ 44 ಗೋಲು ಹೊಡೆದು, 2024ರಲ್ಲಿ ಶುಲ್ಕವಿಲ್ಲದೆ ಮ್ಯಾಡ್ರಿಡ್‌ಗೆ ಹೋದರು. ಲೆಕ್ಕದ ಹಾಳೆಯಲ್ಲಿ ಬರೆಯಬೇಕಾದದ್ದು ಬಂದ ಅತಿ ದೊಡ್ಡ ಪ್ರಸ್ತಾಪವನ್ನಲ್ಲ, ಆಟಗಾರ ಹೋಗಲು ಸಿದ್ಧವಿರುವ ಕ್ಲಬ್ಬಿನ ಪ್ರಸ್ತಾಪವನ್ನು.

ಬದಲಿ ಆಟಗಾರ ಮೊದಲು

ಮಾರುವ ನಿರ್ಧಾರವಾದರೆ, ಬದಲಿಯ ಮಾತುಕತೆ ಮಾರಾಟದ ಮಾತುಕತೆಗಿಂತ ಮುಂದೆ ಸಾಗಿರಬೇಕು. ಆರ್ಸೆನಲ್ 2017ರ ಬೇಸಿಗೆಯ ಕೊನೆಯ ದಿನ ಅಲೆಕ್ಸಿಸ್ ಸಾಂಚೆಸ್ ಅವರನ್ನು ಸುಮಾರು 6 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಸಿಟಿಗೆ ಕೊಡಲು ಸಿದ್ಧವಿತ್ತೆಂದೂ, ಮೊನಾಕೊದ ತೋಮಾ ಲೆಮಾರ್ ಬರುವುದು ಕೈಗೂಡದ ಕಾರಣ ಅದನ್ನು ಕೈಬಿಟ್ಟಿತೆಂದೂ ವರದಿಯಾಯಿತು. 2018ರ ಜನವರಿಯಲ್ಲಿ ಸಾಂಚೆಸ್, ಮ್ಖಿತಾರ್ಯಾನ್ ಅವರಿಗೆ ವಿನಿಮಯವಾಗಿ, ಹಣವಿಲ್ಲದೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅದೇ ಹೊತ್ತಿಗೆ ಮೆಸುಟ್ ಓಝಿಲ್ ಅವರ ಒಪ್ಪಂದವೂ ಮುಗಿಯುತ್ತಿತ್ತು. ಕ್ಲಬ್ ಅವರನ್ನು ಭಾರಿ ವೇತನಕ್ಕೆ ನವೀಕರಿಸಿತು, ಮತ್ತು ಆ ಒಪ್ಪಂದದ ಹೊರೆಯನ್ನು ಮೂರು ವರ್ಷ ಹೊತ್ತಿತು. ಇಬ್ಬರು ಮುಖ್ಯ ಆಟಗಾರರ ಒಪ್ಪಂದಗಳು ಒಂದೇ ಬೇಸಿಗೆಯಲ್ಲಿ ಮುಗಿಯುವಂತೆ ಬಿಟ್ಟರೆ ಎರಡನೆಯವನ ಚೌಕಾಶಿಗೆ ಮೊದಲನೆಯವನ ನಿರ್ಗಮನವೇ ಬಲ ಕೊಡುತ್ತದೆ. ಒಪ್ಪಂದಗಳ ಕೊನೆಯ ದಿನಗಳನ್ನು ಬೇರೆ ಬೇರೆ ವರ್ಷಗಳಿಗೆ ಹರಡುವುದು ಸರಳವಾದ ಕೆಲಸ. ಆಶ್ಚರ್ಯವೆನಿಸುವಷ್ಟು ಕ್ಲಬ್‌ಗಳು ಅದನ್ನು ಮಾಡುವುದಿಲ್ಲ.

ಮಿಲಾನ್ ಇದಕ್ಕೆ ವ್ಯತಿರಿಕ್ತವಾದ ದಾರಿ ತೋರಿಸಿತು. 2021ರಲ್ಲಿ ಗೋಲ್‌ಕೀಪರ್ ಡೊನ್ನರುಮ್ಮ ನವೀಕರಣಕ್ಕೆ ಒಪ್ಪದಿದ್ದಾಗ, ಕ್ಲಬ್ ಮೇ ತಿಂಗಳಲ್ಲಿಯೇ, ಅವರ ಒಪ್ಪಂದ ಮುಗಿಯುವ ಮೊದಲೇ, ಲಿಲ್‌ನಿಂದ ಮೈಕ್ ಮೆಯ್ನ್ಯಾನ್ ಅವರನ್ನು ತಂದಿತು. ಶುಲ್ಕ ಕಳೆದುಕೊಂಡದ್ದು ನಿಜ. ಆದರೆ ಮೆಯ್ನ್ಯಾನ್ ಇದ್ದ ತಂಡ 2021-22ರಲ್ಲಿ, ಹನ್ನೊಂದು ವರ್ಷಗಳ ನಂತರ, ಇಟಲಿಯ ಲೀಗ್ ಗೆದ್ದಿತು.

ಇಟ್ಟುಕೊಂಡರೆ ಆಡಿಸಲೇಬೇಕು

ಉಳಿಸಿಕೊಳ್ಳಲು ನಿರ್ಧರಿಸಿದ ಮೇಲೆ ಆ ನಿರ್ಧಾರಕ್ಕೆ ಪೂರ್ತಿಯಾಗಿ ಬದ್ಧರಾಗಬೇಕು. ಬೊರುಸ್ಸಿಯಾ ಡಾರ್ಟ್‌ಮಂಡ್ 2013ರಲ್ಲಿ ಇದನ್ನು ತಲೆಯೆತ್ತಿ ಮಾಡಿತು. ಆ ಬೇಸಿಗೆಯಲ್ಲಿ ಮಾರಿಯೋ ಗೋಟ್ಸೆ ಬಿಡುಗಡೆಯ ಷರತ್ತಿನ (ನಿಗದಿತ ಮೊತ್ತ ಕೊಟ್ಟರೆ ಬಿಟ್ಟುಕೊಡಲೇಬೇಕೆಂಬ ಷರತ್ತು) ಮೂಲಕ ಬಾಯರ್ನ್‌ಗೆ ಹೋಗಿದ್ದರು. ಒಂದು ವರ್ಷ ಉಳಿದಿದ್ದ ರಾಬರ್ಟ್ ಲೆವಾಂಡೊವ್ಸ್ಕಿಯೂ ಅಲ್ಲಿಗೇ ಹೋಗಲು ಬಯಸಿದ್ದರು. ಕ್ಲಬ್ ಮಾರಲಿಲ್ಲ. 2014ರ ಜನವರಿಯ ಮೊದಲ ವಾರದಲ್ಲಿ ಅವರು ಬಾಯರ್ನ್ ಜೊತೆ ಮುಂಗಡ ಒಪ್ಪಂದ ಮಾಡಿಕೊಂಡದ್ದು ಪ್ರಕಟವಾಯಿತು, ಆದರೂ ಡಾರ್ಟ್‌ಮಂಡ್ ಅವರನ್ನು ಆಡಿಸುತ್ತಲೇ ಹೋಯಿತು. ಅವರು 20 ಗೋಲುಗಳೊಂದಿಗೆ ಲೀಗಿನ ಅಗ್ರ ಗೋಲುಗಾರರಾದರು, ತಂಡ ಲೀಗ್‌ನಲ್ಲಿ ಎರಡನೆಯದಾಗಿ, ಜರ್ಮನ್ ಕಪ್‌ನ ಫೈನಲ್ ತಲುಪಿತು. ಸುಮಾರು 45 ಲಕ್ಷ ಯೂರೋ ಕೊಟ್ಟು 2010ರಲ್ಲಿ ತಂದಿದ್ದ ಆಟಗಾರನಿಂದ ನಾಲ್ಕು ಪೂರ್ಣ ಋತುಗಳನ್ನು ಪಡೆದ ಆ ಕ್ಲಬ್ ಸೋತಿತೆಂದು ನಾನು ಹೇಳಲಾರೆ.

ಪಿಎಸ್‌ಜಿ 2018-19ರಲ್ಲಿ ಏಡ್ರಿಯನ್ ರಾಬಿಯೋ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ನವೀಕರಣಕ್ಕೆ ಒಪ್ಪದ ಅವರನ್ನು ಡಿಸೆಂಬರ್‌ನಿಂದ ಆಡಿಸದೆ ಕೂರಿಸಿತು. ಋತುವಿನ ಕೊನೆಗೆ ಅವರು ಯುವೆಂಟಸ್‌ಗೆ ಶುಲ್ಕವಿಲ್ಲದೆ ಹೋದರು. ಕ್ಲಬ್ಬಿಗೆ ಹಣವೂ ಬರಲಿಲ್ಲ, ಅರ್ಧ ಋತುವಿನ ಆಟವೂ ಸಿಗಲಿಲ್ಲ, ವೇತನ ಮಾತ್ರ ಸಂದಾಯವಾಯಿತು. ಶಿಕ್ಷೆಯೆಂಬಂತೆ ಆಟಗಾರನನ್ನು ಬದಿಗಿಡುವುದು ಕಾನೂನಿನ ದೃಷ್ಟಿಯಿಂದಲೂ ಅಪಾಯಕಾರಿ. ಒಪ್ಪಂದ ಬದಲಿಸುವಂತೆ ಒತ್ತಾಯಿಸುವ ಉದ್ದೇಶದ ನಡವಳಿಕೆ ಆಟಗಾರನಿಗೆ ನ್ಯಾಯಯುತ ಕಾರಣದಿಂದ ಒಪ್ಪಂದ ಮುರಿಯುವ ಹಕ್ಕು ಕೊಡಬಹುದೆಂದು ಫಿಫಾ ನಿಯಮಾವಳಿಯ 14ನೇ ವಿಧಿ ಹೇಳುತ್ತದೆ. ಸ್ಥಾಪಿತ ಆಟಗಾರ ಋತುವಿನ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಆಡಿದ್ದರೆ ಅವನಿಗೆ ಇರುವ ಇಂಥದೇ ಹಕ್ಕನ್ನು 15ನೇ ವಿಧಿ ಹೇಳುತ್ತದೆ.

ಜನವರಿ, ಮತ್ತು ಅದರ ನಂತರ

ಬೇಸಿಗೆಯಲ್ಲಿ ಮಾರದೆ ಉಳಿಸಿಕೊಂಡ ಆಟಗಾರನ ಬಗ್ಗೆ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಲೆಕ್ಕ ಹಾಕಬೇಕು, ಏಕೆಂದರೆ ಅಷ್ಟರಲ್ಲಿ ತಂಡ ಲೀಗ್‌ನಲ್ಲಿ ಎಲ್ಲಿದೆ, ಅವನು ಹೇಗೆ ಆಡುತ್ತಿದ್ದಾನೆ, ಮನಸ್ಸು ಎಲ್ಲಿದೆ ಎಂಬುದು ಹೆಚ್ಚು ಸ್ಪಷ್ಟವಾಗಿರುತ್ತದೆ. ಕ್ರಿಸ್ಟಿಯನ್ ಎರಿಕ್ಸನ್ 2019ರ ಬೇಸಿಗೆಯಲ್ಲಿಯೇ ಹೊಸ ಸವಾಲು ಬಯಸುವುದಾಗಿ ಹೇಳಿದ್ದರು. ಟಾಟನ್‌ಹ್ಯಾಮ್ ಅವರನ್ನು 2020ರ ಜನವರಿಯ ಕೊನೆಯಲ್ಲಿ ಇಂಟರ್‌ಗೆ ಮಾರಿದಾಗ ಬಂದದ್ದು ಸುಮಾರು 2 ಕೋಟಿ ಯೂರೋ ಎಂದು ವರದಿಯಾಯಿತು. ಅಷ್ಟು ದೊಡ್ಡ ಆಟಗಾರನಿಗೆ ಅದು ಅಲ್ಪವೇ; ಆದರೆ ಆರು ತಿಂಗಳ ಅವಧಿಗೆ ಬಂದ ಬೆಲೆ ಎಂದು ನೋಡಿದರೆ ಕಡಿಮೆಯಲ್ಲ. ತಂಡಕ್ಕೆ ಋತುವಿನಲ್ಲಿ ಗೆಲ್ಲಲು ಬೇರೇನೂ ಉಳಿದಿಲ್ಲದಿದ್ದರೆ ಜನವರಿಯ ಯಾವುದೇ ಗಣನೀಯ ಪ್ರಸ್ತಾಪವನ್ನು ಒಪ್ಪಿಕೊಳ್ಳಬೇಕು. ಪ್ರಶಸ್ತಿಯ ಅಥವಾ ಕೆಳದರ್ಜೆಗೆ ಇಳಿಯದಂತೆ ಉಳಿಯುವ ಹೋರಾಟದಲ್ಲಿದ್ದರೆ ಉಳಿಸಿಕೊಳ್ಳಬೇಕು.

ಸಣ್ಣ ಕ್ಲಬ್‌ಗಳಿಗೆ ಒಂದು ವಿಶೇಷ ಸೂಚನೆ. ಕಿರಿಯ ಆಟಗಾರ ಒಪ್ಪಂದ ಮುಗಿಸಿ ಹೋದರೂ, 23 ವರ್ಷ ತುಂಬುವ ಕ್ಯಾಲೆಂಡರ್ ವರ್ಷದ ಕೊನೆಯವರೆಗೆ, ಅವನನ್ನು ಬೆಳೆಸಿದ್ದಕ್ಕಾಗಿ ಹೊಸ ಕ್ಲಬ್ಬಿನಿಂದ ತರಬೇತಿ ಪರಿಹಾರ ಕೇಳುವ ಹಕ್ಕು ಇರಬಹುದು. ಯುರೋಪಿಯನ್ ಒಕ್ಕೂಟದ ವ್ಯಾಪ್ತಿಯೊಳಗಿನ ವರ್ಗಾವಣೆಯಲ್ಲಿ ಅದನ್ನು ಉಳಿಸಿಕೊಳ್ಳಲು, ಈಗಿನ ಒಪ್ಪಂದ ಮುಗಿಯುವುದಕ್ಕೆ ಕನಿಷ್ಠ 60 ದಿನ ಮೊದಲು, ಈಗಿನ ಒಪ್ಪಂದಕ್ಕೆ ಸಮನಾದ ಬೆಲೆಯಿರುವ ಹೊಸ ಪ್ರಸ್ತಾಪವನ್ನು ಲಿಖಿತವಾಗಿ ಕಳುಹಿಸಿರಬೇಕು. ಆಟಗಾರ ಖಂಡಿತ ತಿರಸ್ಕರಿಸುತ್ತಾನೆ ಎಂದು ಗೊತ್ತಿದ್ದರೂ ಆ ಪತ್ರ ಕಳುಹಿಸುವುದನ್ನು ಬಿಡಬಾರದು.

ಕೊನೆಯ ತಿಂಗಳಿನಲ್ಲಿಯೂ ಮಾರಲು ಏನಾದರೂ ಉಳಿದಿರಬಹುದು. ಅಲೆಕ್ಸಾಂಡರ್-ಆರ್ನಾಲ್ಡ್ ಅವರ ಲಿವರ್‌ಪೂಲ್ ಒಪ್ಪಂದ ಮುಗಿಯಬೇಕಿದ್ದುದು 2025ರ ಜೂನ್ 30ರಂದು; ಆದರೆ ಕ್ಲಬ್ ವಿಶ್ವಕಪ್ ಜೂನ್ ಮಧ್ಯದಲ್ಲಿ ಆರಂಭವಾಗಲಿತ್ತು, ರಿಯಲ್ ಮ್ಯಾಡ್ರಿಡ್‌ಗೆ ಅವರು ಅಲ್ಲಿ ಆಡಬೇಕಿತ್ತು. ಲಿವರ್‌ಪೂಲ್ ಸುಮ್ಮನೆ ಬಿಟ್ಟುಕೊಡಲಿಲ್ಲ. ಶುಲ್ಕವಿಲ್ಲದೆ ಹೋಗುವವರೆಂದು ಎಲ್ಲರೂ ತಿಳಿದಿದ್ದ ಆಟಗಾರನ ಕೊನೆಯ ಮೂವತ್ತು ದಿನಗಳಿಗಾಗಿ ಅದು ಸುಮಾರು 1 ಕೋಟಿ ಯೂರೋ ಪಡೆಯಿತು ಎಂದು ವರದಿಯಾಯಿತು.